ಕಾಲಿಗೆ ವಿಶ್ರಾಂತಿ, ಗುಂಡಿಗೆಗಲ್ಲ

ಶಾಲೆಯ ಮೈದಾನದಲ್ಲಿ ಕಬಡ್ಡಿ ಆಡುವಾಗಲೋ, ಅವಸರದಲ್ಲಿ ಮೆಟ್ಟಿಲು ಇಳಿಯುವಾಗಲೋ ಪಾದ ಹೊರಳಿ ಮೂಳೆ ಬಿರುಕು ಬಿಡುವುದು ಹೊಸತೇನಲ್ಲ. ವೈದ್ಯರು ಎಕ್ಸ್‌ರೇ ನೋಡಿ, ಪ್ಲಾಸ್ಟರ್ ಹಾಕಿ, ಕೆಲವು ವಾರ ಕಾಲೂರಬಾರದು ಎನ್ನುತ್ತಾರೆ. ಮನೆಗೆ ಬಂದೊಡನೆ ಆ ಮಾತಿನ ಅರ್ಥವೇ ಬದಲಾಗುತ್ತದೆ. ಅಜ್ಜಿ ಹಾಸಿಗೆ ಹಾಸುತ್ತಾರೆ, ಅಮ್ಮ ಊಟ ತಿಂಡಿಯನ್ನು ಅಲ್ಲಿಗೇ ತಂದುಕೊಡುತ್ತಾರೆ, ಮೊಬೈಲು ದಿಂಬಿನ ಪಕ್ಕಕ್ಕೆ ಬರುತ್ತದೆ. ವೈದ್ಯರು ವಿಶ್ರಾಂತಿ ಹೇಳಿದ್ದು ಒಂದು ಪಾದಕ್ಕೆ. ನಾವು ಕೊಡುವುದು ಇಡೀ ದೇಹಕ್ಕೆ.

ಇದರ ಬೆಲೆ ಸಣ್ಣದಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಲಾಯಿತು. ಶ್ರಮಪಡುವಾಗ ಅವರ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಕಾಲುಭಾಗಕ್ಕೂ ಹೆಚ್ಚು ಕುಸಿದಿತ್ತು. 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಅಷ್ಟು ವರ್ಷಗಳ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ ನಷ್ಟವೇ ಹೆಚ್ಚೆಂದು ತಿಳಿಯಿತು. ಸಮಾಧಾನದ ಸಂಗತಿಯೂ ಉಂಟು: ಅಂದು ಎರಡು ತಿಂಗಳ ತರಬೇತಿಯಿಂದ ಅವರೆಲ್ಲ ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆದಿದ್ದರು.

ಹೃದಯಕ್ಕೆ ಕೈ, ಕಾಲು ಎಂಬ ಭೇದವಿಲ್ಲ. ಸ್ನಾಯುಗಳು ಆಮ್ಲಜನಕ ಕೇಳಿದರೆ ಅದು ವೇಗವಾಗಿ ಮಿಡಿಯುತ್ತದೆ. ಆದ್ದರಿಂದ ವಿದ್ಯಾರ್ಥಿಗಳೇ, ವೈದ್ಯರ ಒಪ್ಪಿಗೆ ಪಡೆದು ಹೀಗೆ ಮಾಡಿ.

ಗಾಲಿಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ನೊಂದ ಕಾಲನ್ನು ದಿಂಬಿಟ್ಟ ಸ್ಟೂಲಿನ ಮೇಲೆ ಚಾಚಿ. ಬೆನ್ನು ನೆಟ್ಟಗಿರಲಿ. ಎದುರಿನ ಗಾಳಿಗೆ ಗುದ್ದುವಂತೆ ಎಡಗೈ, ಬಲಗೈಗಳನ್ನು ಒಂದಾದ ಮೇಲೊಂದು ಚಾಚಿ. 30 ಸೆಕೆಂಡು ವೇಗ, 30 ಸೆಕೆಂಡು ಬಿಡುವು. ಹೀಗೆ ಹತ್ತು ಸಲ. ಅಭ್ಯಾಸವಾದಂತೆ ಅರ್ಧ ಲೀಟರಿನ ನೀರಿನ ಬಾಟಲಿಗಳನ್ನು ಹಿಡಿದು ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಿ. ನಂತರ ಅಂಗಾತ ಮಲಗಿ, ಒಳ್ಳೆಯ ಕಾಲಿನ ಮಂಡಿ ಮಡಚಿ, ಪ್ಲಾಸ್ಟರಿನ ಕಾಲನ್ನು ಸೊಂಟದಿಂದ ನಿಧಾನವಾಗಿ ಎತ್ತಿ. ಪ್ಲಾಸ್ಟರಿನ ಭಾರವೇ ನಿಮ್ಮ ತೂಕದ ಕಲ್ಲು. ಒಳ್ಳೆಯ ಕಾಲಿಗೂ ಕೆಲಸ ಕೊಡಿ. ಒಂದು ಬದಿಗೆ ಕೊಟ್ಟ ತರಬೇತಿಯ ಬಲ ನರಗಳ ಮೂಲಕ ಇನ್ನೊಂದು ಬದಿಗೂ ಸ್ವಲ್ಪ ದಕ್ಕುತ್ತದೆ ಎಂಬುದು 1894ರಷ್ಟು ಹಿಂದೆಯೇ ಕಂಡುಕೊಂಡ ಸತ್ಯ.

ಶ್ರಮ ಸಾಕೇ ಎಂದು ತಿಳಿಯಲು ಯಂತ್ರ ಬೇಡ. ಗುದ್ದುತ್ತಲೇ ಹದಿಮೂರರ ಮಗ್ಗಿ ಹೇಳಿ. ಸರಾಗವಾಗಿ ಮುಗಿದರೆ ವೇಗ ಸಾಲದು. ಎರಡು ಮೂರು ಸಾಲಿಗೊಮ್ಮೆ ಉಸಿರೆಳೆಯಬೇಕಾದರೆ ಸರಿ. ಒಂದು ಸಾಲೂ ಹೊರಡದಿದ್ದರೆ ನಿಧಾನಿಸಿ. ಕೈಯ ಸ್ನಾಯುಗಳು ಚಿಕ್ಕವು, ಬೇಗ ದಣಿಯುತ್ತವೆ. ಓಟದಷ್ಟು ಫಲ ಸಿಗದು ಎಂದು ಬೇಸರ ಬೇಡ. ಉಸಿರು ಮಾತ್ರ ಬಿಗಿಹಿಡಿಯಬೇಡಿ.

ಪಾಲಕರು ಗಮನಿಸಬೇಕಾದ ಕೆಲವು ಮಾತುಗಳಿವೆ. ಒಂಟಿ ಕಾಲಿನಲ್ಲಿ ಕುಪ್ಪಳಿಸಲು ಬಿಡಬೇಡಿ. ಬಚ್ಚಲಿನ ಒದ್ದೆ ನೆಲ ಎರಡನೆಯ ಕಾಲನ್ನೂ ಮುರಿಯಬಲ್ಲದು. ಬೆರಳುಗಳು ನೀಲಿಗಟ್ಟಿದರೆ, ತಣ್ಣಗಾದರೆ, ಜೋಮು ಹಿಡಿದರೆ, ಮೀನಖಂಡ ಊದಿ ನೋಯತೊಡಗಿದರೆ ಅಥವಾ ಹಠಾತ್ತನೆ ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರನ್ನು ಕಾಣಿ. ಉಬ್ಬಸ ಅಥವಾ ಹೃದಯದ ತೊಂದರೆ ಇರುವ ಮಕ್ಕಳ ವಿಷಯವನ್ನು ಮೊದಲೇ ಅವರಿಗೆ ತಿಳಿಸಿ.

ಇಲ್ಲಿ ಪಣಕ್ಕಿರುವುದು ಕೆಲವು ವಾರಗಳ ಆಟವಷ್ಟೇ ಅಲ್ಲ. ಪ್ಲಾಸ್ಟರ್ ತೆಗೆಸಿಕೊಂಡು ಶಾಲೆಗೆ ಹೋದ ಹುಡುಗಿ ಎರಡು ಮಹಡಿ ಹತ್ತಿ ಏದುಸಿರು ಬಿಟ್ಟರೆ, ಗೆಳತಿಯರ ಜೊತೆ ಓಡಲಾರದೆ ಹೋದರೆ, 'ಇನ್ನು ಆಟ ನನಗಲ್ಲ' ಎಂದು ಮೈದಾನದಿಂದಲೇ ದೂರವಾಗಬಹುದು. ಮೂಳೆ ಕೂಡಿಕೊಂಡರೂ ಮನಸ್ಸು ಕುಂಟುತ್ತಲೇ ಉಳಿಯುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಬೆವರು ಸುರಿಸಿದವಳಿಗೆ ಆ ಅಳುಕು ಅಷ್ಟಾಗಿ ಇರದು. ಆದರೂ ಪ್ಲಾಸ್ಟರ್ ತೆಗೆದ ದಿನವೇ ಓಟ ಬೇಡ. ಸೊರಗಿದ ಕಾಲು ಮೊದಲು ನಡೆಯಲಿ, ಆಮೇಲೆ ಓಡಲಿ.