ಆಕ್ಸಿಮೀಟರ್ ಅಮ್ಮನಿಗೆ ಒಲಿಯಿತು, ಕೋವಿನ್ ಯಾಕೆ ಊರಿಗೆ ಒಲಿಯಲಿಲ್ಲ?

2021ರ ಜೂನ್ 14ರಿಂದ ರಾಜ್ಯದ 19 ಜಿಲ್ಲೆಗಳಲ್ಲಿ ಲಾಕ್‌ಡೌನ್ ಸಡಿಲವಾಯಿತು. ಹಾಸನವೂ ಸೇರಿ ಉಳಿದ 11 ಜಿಲ್ಲೆಗಳಿಗೆ ಆಗಿನ್ನೂ ಆ ಭಾಗ್ಯ ಇರಲಿಲ್ಲ. ನಾನಿರೋದು ಬೆಂಗಳೂರಲ್ಲಿ, ಅಮ್ಮ ಅರಸೀಕೆರೆಯಲ್ಲಿ. ಹಾಗಾಗಿ ನಮ್ಮ ಭೇಟಿ ಆಗಲೂ ವಿಡಿಯೊ ಕಾಲ್‌ನಲ್ಲೇ. ಅರ್ಧ ಅಮ್ಮನ ಹಣೆ, ಅರ್ಧ ತಿರುಗುವ ಫ್ಯಾನು. ಇಷ್ಟು ಕಾಣಿಸುವ ಹೊತ್ತಿಗೇ ಒಂದು ದೊಡ್ಡ ಕಥೆ ಆಗಿಹೋಯಿತು.

ಮೇ ಮೊದಲ ವಾರ ಅಮ್ಮನಿಗೆ ಪಾಸಿಟಿವ್ ಬಂತು. ವಯಸ್ಸು 62, ಮನೆಯಲ್ಲಿ ಒಬ್ಬಳೇ. ಮೇ 2ರ ರಾತ್ರಿಯಷ್ಟೇ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡಿದ್ದರು. ಅಮ್ಮ ಅದನ್ನ ಟಿವಿಯಲ್ಲಿ ದಿನವಿಡೀ ನೋಡಿದ್ದಳು. "ಆಸ್ಪತ್ರೆಗೆ ಮಾತ್ರ ಸೇರಿಸ್ಬೇಡ ಕಣೋ" ಅನ್ನೋದೊಂದೇ ಮಾತು. ಸೋಂಕು ಸೌಮ್ಯವಾಗಿದೆ, ಮನೆಯಲ್ಲೇ ಇರಬಹುದು, ಆದರೆ ಆಕ್ಸಿಜನ್ ಮಟ್ಟ ನೋಡ್ತಾ ಇರ್ಬೇಕು ಅಂದರು ಡಾಕ್ಟರು. ಪಕ್ಕದ ಮನೆ ಹುಡುಗ ಎಲ್ಲಿಂದಲೋ ಒಂದು ಪಲ್ಸ್ ಆಕ್ಸಿಮೀಟರ್ ಹುಡುಕಿ ತಂದು, ಚೀಲದಲ್ಲಿಟ್ಟು ಗೇಟಿಗೆ ನೇತುಹಾಕಿ ಹೋದ.

ಇಲ್ಲೊಂದು ಹಳೇ ತಪ್ಪು ಒಪ್ಪಿಕೊಳ್ಳಬೇಕು. ಮೂರು ವರ್ಷದ ಹಿಂದೆ ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸಿದ್ದೆ. ಹತ್ತು ನಿಮಿಷ ಹೇಳಿಕೊಟ್ಟು, ಹನ್ನೊಂದನೇ ನಿಮಿಷಕ್ಕೆ "ಎಷ್ಟ್ ಸಲ ಹೇಳ್ಬೇಕಮ್ಮ" ಅಂತ ರೇಗಿದ್ದೆ. ಆಮೇಲೆ ಅವಳು ಹಸಿರು ಬಟನ್ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. "ಅದೆಲ್ಲ ನಂಗ್ ಬರಲ್ಲ" ಅಂದಾಗ ನಾನು ನಂಬಿಬಿಟ್ಟೆ. ನಂಬೋದು ನನಗೂ ಅನುಕೂಲವಾಗಿತ್ತು.

ಆಕ್ಸಿಮೀಟರ್ ವಿಚಾರದಲ್ಲಿ ರೇಗೋಕೆ ನಾನು ಹತ್ತಿರದಲ್ಲಿರಲಿಲ್ಲ. ಬೆರಳಿಗೆ ಸಿಕ್ಕಿಸಿದಳು, 95 ಅಂತ ತೋರಿಸಿತು. ಎರಡನೇ ದಿನಕ್ಕೆ ಅವಳೇ ನನಗೆ ಪಾಠ ಮಾಡಿದಳು: ಕೈ ತಣ್ಣಗಿದ್ರೆ ಸರಿಯಾಗಿ ತೋರ್ಸಲ್ಲ, ಉಜ್ಜಿ ಬಿಸಿ ಮಾಡ್ಕೊಂಡು ಹಾಕ್ಬೇಕು. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ದಿನಕ್ಕೆ ಮೂರು ಅಂಕಿ ಬರೆದಿಟ್ಟಳು. ಐದನೇ ದಿನ ರಾತ್ರಿ 93 ಬಂತು. 94ಕ್ಕಿಂತ ಕೆಳಗಿಳಿದ್ರೆ ಹೇಳಿ ಅಂದಿದ್ದ ಡಾಕ್ಟರಿಗೆ ಫೋನ್ ಮಾಡಿದೆ. ಬೋರಲು ಮಲಗಿಸಿ, ಒಂದು ಗಂಟೆ ಬಿಟ್ಟು ನೋಡಿ ಅಂದರು. ಅವತ್ತು ಮೊದಲ ಸಲ ಅಮ್ಮ ತಾನಾಗಿ ವಿಡಿಯೊ ಕಾಲ್ ಮಾಡಿದಳು. ಫೋನನ್ನ ನೀರಿನ ಚೊಂಬಿಗೆ ಒರಗಿಸಿ, ಬೆರಳನ್ನ ಕ್ಯಾಮೆರಾಗೆ ಹಿಡಿದು ಬೋರಲು ಮಲಗಿದಳು. ಗಂಟೆ ಕಳೆದ ಮೇಲೆ 95. ಆ ರಾತ್ರಿ ನಾವಿಬ್ಬರೂ ಕಾಲ್ ಕಟ್ ಮಾಡಲೇ ಇಲ್ಲ.

ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದವನು ನಾನು. ಇದು ಹೇಗೆ ಕೆಲ್ಸ ಮಾಡುತ್ತೆ ಅಂತ ಅಮ್ಮ ಕೇಳಿದ ಮೇಲೆ ಹೋಗಿ ಓದಿದೆ. ಕೆಂಪು ಮತ್ತು ಅತಿಗೆಂಪು, ಎರಡು ಬೆಳಕು ಬೆರಳನ್ನ ಹಾದುಹೋಗುತ್ತವೆ. ಆಮ್ಲಜನಕ ಹೊತ್ತ ರಕ್ತ ಕೆಂಪು ಬೆಳಕನ್ನ ಕಡಿಮೆ ಹೀರುತ್ತೆ. ನಾಡಿ ಮಿಡಿದಾಗ ಬದಲಾಗುವ ಬೆಳಕನ್ನಷ್ಟೇ ಲೆಕ್ಕ ಹಾಕಿದರೆ ಅಪಧಮನಿಯ ಸುದ್ದಿ ಸಿಗುತ್ತೆ ಅಂತ 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿ. 2020ರ ಏಪ್ರಿಲ್‌ನಲ್ಲಿ, ಜಗತ್ತು ಅವರ ಯಂತ್ರಕ್ಕಾಗಿ ಮೆಡಿಕಲ್ ಶಾಪ್‌ಗಳ ಮುಂದೆ ಪರದಾಡಲು ಶುರುಮಾಡಿದ ಹೊತ್ತಿಗೇ, ತೀರಿಕೊಂಡರು. ಯಂತ್ರ ದೇವರೇನಲ್ಲ ಬಿಡಿ. ಕಪ್ಪು ವರ್ಣದವರಲ್ಲಿ ಅದು ಕೆಲವೊಮ್ಮೆ ಇಲ್ಲದ ಆಮ್ಲಜನಕವನ್ನ ಇದೆ ಅಂತ ತೋರಿಸುತ್ತೆ ಎಂದು ಅಮೆರಿಕದ ಅಧ್ಯಯನವೊಂದು 2020ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ನಮ್ಮ ದೇಶದಲ್ಲಿ ಇದರ ಬಗ್ಗೆ ಇನ್ನೂ ಜೋರಾಗಿ ಮಾತಾಡಬೇಕಿತ್ತು.

ಇನ್ನು ಇದೇ ತಿಂಗಳುಗಳ ಇನ್ನೊಂದು ತಂತ್ರಜ್ಞಾನ ನೋಡಿ. 18ರಿಂದ 44 ವಯಸ್ಸಿನವರಿಗೆ ಏಪ್ರಿಲ್ 28ಕ್ಕೆ ಕೋವಿನ್ ನೋಂದಣಿ ತೆರೆಯಿತು. ಮೊದಲಿಗೆ ಅದೊಂದೇ ದಾರಿ, ಅದೂ ಇಂಗ್ಲಿಷಿನಲ್ಲಿ. ಕನ್ನಡ ಬಂದದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಸ್ಲಾಟ್ ತೆರೆದ ಕ್ಷಣ ಟೆಲಿಗ್ರಾಂಗೆ ಅಲರ್ಟ್ ಬರುವಂತೆ ಕೋಡ್ ಬರೆದವರಿದ್ದರು, ಬೆಂಗಳೂರಿನಿಂದ ಕಾರು ಹತ್ತಿ ಹಳ್ಳಿ ಕೇಂದ್ರಗಳಲ್ಲಿ ಲಸಿಕೆ ಹಾಕಿಸಿಕೊಂಡು ಬಂದವರಿದ್ದರು. ಆ ಹಳ್ಳಿಯವರು ಏನು ಮಾಡಬೇಕು? ಮೇ 31ರಂದು ಸುಪ್ರೀಂ ಕೋರ್ಟ್ ಕೂಡ ಹೆಚ್ಚುಕಡಿಮೆ ಇದನ್ನೇ ಕೇಂದ್ರ ಸರ್ಕಾರಕ್ಕೆ ಕೇಳಿತು. ಸ್ಮಾರ್ಟ್‌ಫೋನ್ ಇಲ್ಲದವರು ನೋಂದಣಿ ಮಾಡಿಸೋದು ಹೇಗೆ ಅಂತ.

ಜನಕ್ಕೆ ಟೆಕ್ನಾಲಜಿ ಗೊತ್ತಾಗಲ್ಲ ಅಂತ ನಾವು ಎಂಜಿನಿಯರುಗಳು ಎಷ್ಟು ಸಲೀಸಾಗಿ ಹೇಳಿಬಿಡ್ತೀವಿ! ಅಮ್ಮ ಹೆದರಿದ್ದು ಫೋನಿಗಲ್ಲ, ನನ್ನ ದನಿಗೆ. ಆಕ್ಸಿಮೀಟರ್‌ಗೆ ಕೊಂಕು ದನಿ ಇರಲಿಲ್ಲ, ಗೊತ್ತಿಲ್ಲದ ಭಾಷೆ ಇರಲಿಲ್ಲ, ಒಟಿಪಿ ಕೊಡದಿದ್ರೆ ಹೊರಹಾಕ್ತೀನಿ ಅನ್ನೋ ಅವಸರವೂ ಇರಲಿಲ್ಲ. ಲಾಕ್‌ಡೌನ್‌ನಲ್ಲಿ ನನಗೆ ಭರವಸೆ ಅಂತ ಏನಾದರೂ ಸಿಕ್ಕಿದ್ದರೆ ಅದು ಇದೇ. ಕಲಿಯೋ ಜನ ಸಿದ್ಧರಿದ್ದಾರೆ. ಕೋವಿನ್‌ಗೆ ಕನ್ನಡ ಬರೋಕೆ ತಿಂಗಳುಗಳೇ ಹಿಡಿದದ್ದಕ್ಕೆ ಅವರು ಹೊಣೆಯಲ್ಲ.

ಅಮ್ಮ ಈಗ ಹುಷಾರು. ವಾಯ್ಸ್ ಮೆಸೇಜ್ ಕಲಿತಿದ್ದಾಳೆ, ದಿನಕ್ಕೆ ಎಂಟು ಹತ್ತು ಬರುತ್ತವೆ, ಅರ್ಧದಲ್ಲಿ ಕುಕ್ಕರ್ ಕೂಗುತ್ತೆ. ಆಕ್ಸಿಮೀಟರ್ ಮನೆಯಲ್ಲಿ ಉಳಿಯಲಿಲ್ಲ. ಬೀದಿ ಕೊನೆಯಲ್ಲಿ ಇನ್ನೊಬ್ಬರಿಗೆ ಪಾಸಿಟಿವ್ ಬಂದಿತ್ತಂತೆ. ಅದೇ ಹುಡುಗ ಅದೇ ಚೀಲದಲ್ಲಿ ತಗೊಂಡು ಹೋಗಿ ಗೇಟಿಗೆ ನೇತುಹಾಕಿ ಬಂದಿದ್ದ. ಅವನಿಗೆ ಆಗ ಇಪ್ಪತ್ತೆರಡು. ಲಸಿಕೆ ಇನ್ನೂ ಆಗಿರಲಿಲ್ಲ.