ಸೆಕ್ರೆಟರಿ ಹುದ್ದೆ ಮತ್ತು ಕೊಲ್ಲಿಯ ಕನಸು

ಟೈಪಿಂಗ್ ಕಲಿತು ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಕೊಲ್ಲಿಯಲ್ಲಿ ಸೆಕ್ರೆಟರಿ ಕೆಲಸ ಖಚಿತವೆಂಬ ನಂಬಿಕೆ ಕರಾವಳಿಯ ನಮ್ಮ ಮನೆಗಳಲ್ಲಿ ಬಹುಕಾಲ ನೆಲೆಸಿತ್ತು. ಆ ನಂಬಿಕೆಯ ಬಲದಿಂದಲೇ ಎಷ್ಟೋ ಮನೆಗಳು ಎದ್ದವು, ಸಹೋದರಿಯರ ಮದುವೆಗಳು ನಡೆದವು.

ಆದರೆ 2011ರಲ್ಲಿ ಸೌದಿ ಅರೇಬಿಯವು ನಿತಾಕತ್ ಜಾರಿಗೊಳಿಸಿತು. 2022ರ ಮೇ ತಿಂಗಳಿನಿಂದ ಖಾಸಗಿ ವಲಯದ ಸೆಕ್ರೆಟರಿ, ಅನುವಾದಕ, ಡಾಟಾ ಎಂಟ್ರಿ ಹುದ್ದೆಗಳನ್ನೂ ಸ್ವದೇಶೀಯರಿಗೆ ಮೀಸಲಿರಿಸಿತು. ಅದೇ ವರ್ಷ ಯುಎಇಯು 50 ಹಾಗೂ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳಿಗೆ, ಕುಶಲ ಹುದ್ದೆಗಳಲ್ಲಿ ಸ್ವದೇಶೀಯರನ್ನು ವರ್ಷಕ್ಕೆ ಶೇ. 2ರಂತೆ ಹೆಚ್ಚಿಸಬೇಕೆಂದು ವಿಧಿಸಿತು. ತಮ್ಮ ಯುವಜನರಿಗೆ ಉದ್ಯೋಗ ಕೊಡಿಸುವ ಆ ಸರಕಾರಗಳನ್ನು ನಾವು ದೂರುವಂತಿಲ್ಲ. ನಮ್ಮ ಸರಕಾರದಿಂದ ನಾವು ಕೇಳುತ್ತಿರುವುದೂ ಅದನ್ನೇ ತಾನೆ?

ಅವಕಾಶಗಳು ಬೆಂಗಳೂರಿನಲ್ಲಿವೆ. ವಿದೇಶಿ ಕಂಪೆನಿಗಳ ನೂರಾರು ಕಚೇರಿಗಳು ಅಲ್ಲಿವೆ. ಆದರೆ ಹಿರಿಯ ಅಧಿಕಾರಿಯ ಸಹಾಯಕರಾಗಲು ಟೈಪಿಂಗ್ ವೇಗವೊಂದೇ ಸಾಲದು. ಪತ್ರದ ಕರಡನ್ನು ಇಂದು ಕಂಪ್ಯೂಟರೇ ಸಿದ್ಧಪಡಿಸುತ್ತದೆ. ಅದರ ತಪ್ಪನ್ನು ಗುರುತಿಸುವಷ್ಟು ಇಂಗ್ಲಿಷ್, ಸಭೆ-ಪ್ರಯಾಣಗಳನ್ನು ಹೊಂದಿಸುವ ಜಾಣ್ಮೆ, ಎಲ್ಲಕ್ಕಿಂತ ಮಿಗಿಲಾಗಿ ಗುಟ್ಟು ಕಾಯುವ ಪ್ರಾಮಾಣಿಕತೆ ಬೇಕು.

ನಿಯಮಿತ ಸಂಬಳದ ಉದ್ಯೋಗಗಳಲ್ಲಿ ಮುಸ್ಲಿಮರ ಪಾಲು ಕಡಿಮೆಯೆಂದು ಸಾಚಾರ್ ಸಮಿತಿಯು 2006ರಲ್ಲೇ ಹೇಳಿತ್ತು. ಇದರಲ್ಲಿ ಸರಕಾರದ ಹೊಣೆಯಿದೆ, ನಮ್ಮದೂ ಇದೆ. ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ಗಳಿಸಿದ ಹೆಣ್ಣುಮಕ್ಕಳು ಸಂದರ್ಶನದ ಕರೆ ಬಂದರೂ ಮನೆಯಲ್ಲೇ ಉಳಿಯುತ್ತಾರೆ. ಬೆಂಗಳೂರಿನಲ್ಲಿ ಸುರಕ್ಷಿತ ಹಾಸ್ಟೆಲ್ ಇಲ್ಲವೆಂಬುದು ಹೆತ್ತವರ ಉತ್ತರ. ಆ ಅಂಜಿಕೆ ಸುಳ್ಳಲ್ಲ. ಆದರೆ ಲಕ್ಷಗಟ್ಟಲೆ ಸುರಿದು ಮದುವೆ ಹಾಲ್ ಕಟ್ಟುವ ಜಮಾಅತ್‌ಗಳಿಗೆ ಹತ್ತು ಕೋಣೆಗಳ ಒಂದು ಹಾಸ್ಟೆಲ್ ನಡೆಸುವುದು ಕಷ್ಟವೇ?