ಮಹಿಳಾ ಸಮಾಜಕ್ಕೆ ನಾವೇಕೆ ಹೋಗುವುದಿಲ್ಲ?

ಬಿ.ಎಸ್ಸಿ. ಮುಗಿದು ಒಂದೂವರೆ ವರ್ಷವಾಯಿತು. ಕೆಪಿಎಸ್‌ಸಿ ಪುಸ್ತಕ ಹಿಡಿದು ಮನೆಯಲ್ಲೇ ಕೂತಿದ್ದೇನೆ. ನನ್ನ ಜೊತೆ ಓದಿದ ಹುಡುಗರಿಗೂ ಕೆಲಸ ಸಿಕ್ಕಿಲ್ಲ. ಆದರೆ ಸಂಜೆಯಾದರೆ ಅವರಿಗೆ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಇದೆ, ವಾಲಿಬಾಲ್ ಮೈದಾನ ಇದೆ. ಯಾವ ನೋಟಿಫಿಕೇಷನ್ ಬಂತು, ಯಾವ ಪುಸ್ತಕ ಒಳ್ಳೆಯದು ಎಲ್ಲವೂ ಅಲ್ಲೇ ಗೊತ್ತಾಗುತ್ತದೆ. ನಮಗೆ? ಹಾಸ್ಟೆಲ್ ಬಿಟ್ಟ ದಿನವೇ ಗೆಳತಿಯರು ದಿಕ್ಕಾಪಾಲು. ಇಬ್ಬರಿಗೆ ಮದುವೆಯಾಯಿತು, ಒಬ್ಬಳು ಬೆಂಗಳೂರು ಸೇರಿದಳು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗ ಬರುವುದು ಹುಟ್ಟುಹಬ್ಬದ ಕೇಕು ಮಾತ್ರ.

ನಮ್ಮ ಬೀದಿಯ ಕೊನೆಯಲ್ಲಿ ಮಹಿಳಾ ಸಮಾಜವಿದೆ. ಬೆಳಿಗ್ಗೆ ಶಿಶುವಿಹಾರ, ಮಧ್ಯಾಹ್ನ ಹೊಲಿಗೆ ತರಗತಿ. ನಾನೂ ಅಲ್ಲೇ ಅಳುತ್ತಾ ಅಕ್ಷರ ಕಲಿತವಳು. ಆಮೇಲೆ ಒಳಗೆ ಕಾಲಿಟ್ಟಿರಲಿಲ್ಲ. ಅರಿಶಿನ ಕುಂಕುಮ, ರಂಗೋಲಿ ಸ್ಪರ್ಧೆ, ಹರಟೆ, ಅಷ್ಟೇ ಎಂದುಕೊಂಡಿದ್ದೆ.

ಕಳೆದ ಬಾರಿ ಗ್ರಹಣ ಬಂದಾಗ ಪಕ್ಕದ ಮನೆಯ ನಿವೃತ್ತ ಟೀಚರ್, 'ಓದಿದವಳು ಕಣೇ ನೀನು, ಬಂದು ಹತ್ತು ನಿಮಿಷ ಮಾತಾಡು' ಎಂದು ಎಳೆದುಕೊಂಡು ಹೋದರು. ಬಾಯಿಪಾಠ ಮಾಡಿದ್ದು ಮೂರೇ ನಿಮಿಷಕ್ಕೆ ಖಾಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅಜ್ಜಿಯೊಬ್ಬರು, 'ಹಾಗಾದ್ರೆ ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ ಯಾಕಮ್ಮಾ ಆಗಲ್ಲ?' ಎಂದರು. ತಟ್ಟೆಯ ಮೇಲೆ ನನ್ನ ಬಳೆಯನ್ನು ಓರೆಯಾಗಿ ಹಿಡಿದು, ಭೂಮಿಯ ದಾರಿಗೆ ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿದೆ, ಹೆಚ್ಚಿನ ಸಲ ಅವನು ಸೂರ್ಯನಿಗಿಂತ ಮೇಲೋ ಕೆಳಗೋ ಹಾದುಹೋಗುತ್ತಾನೆ ಎಂದು ತೋರಿಸುವಷ್ಟರಲ್ಲಿ ನನಗೇ ಅದು ಮೊದಲ ಸಲ ಅರ್ಥವಾಯಿತು! ಮೂರು ವರ್ಷದ ಡಿಗ್ರಿಯಲ್ಲಿ ಯಾರೂ ನನ್ನನ್ನು ಹಾಗೆ ನಿಲ್ಲಿಸಿ ಕೇಳಿರಲಿಲ್ಲ.

ನಂಜನಗೂಡು ತಿರುಮಲಾಂಬಾ 1917ರಲ್ಲಿ 'ಕರ್ನಾಟಕ ನಂದಿನಿ' ಪತ್ರಿಕೆ ತಂದರು. ಆರ್. ಕಲ್ಯಾಣಮ್ಮ 1921ರಲ್ಲಿ 'ಸರಸ್ವತಿ' ಶುರು ಮಾಡಿ ನಾಲ್ಕು ದಶಕ ನಡೆಸಿದರು. ಇಬ್ಬರೂ ಬಾಲವಿಧವೆಯರು. ಪರೀಕ್ಷೆಗೆಂದು ಈ ಇಸವಿಗಳನ್ನು ಉರು ಹೊಡೆಯುವ ನಾವು, ಹೆಣ್ಣುಮಕ್ಕಳು ಒಟ್ಟಿಗೆ ಓದಲಿ, ಬರೆಯಲಿ ಎಂದು ಅವರು ಪಟ್ಟ ಪಾಡನ್ನು ಮಾತ್ರ ಮರೆಯುತ್ತೇವೆ.

ಹಾಗಂತ ಸಮಾಜದವರದ್ದೇನೂ ತಪ್ಪಿಲ್ಲ ಎನ್ನಲಾರೆ. ಸಭೆ ನಡೆಯುವುದು ಬುಧವಾರ ಮಧ್ಯಾಹ್ನ ಮೂರಕ್ಕೆ. ಗಾರ್ಮೆಂಟ್ಸ್‌ಗೆ ಹೋಗುವವಳು, ಕೋಚಿಂಗ್‌ಗೆ ಹೋಗುವವಳು ಹೇಗೆ ಬರಬೇಕು? ಪದಾಧಿಕಾರಿಗಳು ಹತ್ತು ವರ್ಷದಿಂದ ಅವರೇ. ಬಾಗಿಲಲ್ಲೇ 'ಮದುವೆ ಯಾವಾಗ?' ಎಂದು ಕೇಳುವುದನ್ನು ನಿಲ್ಲಿಸಿದರೆ ಅರ್ಧ ಹುಡುಗಿಯರು ಬಂದಾರು.

ಇದನ್ನೇ ಕಾರ್ಯದರ್ಶಿಯವರಿಗೆ ಹೇಳಿದೆ. ಮುಖ ಸ್ವಲ್ಪ ಸಣ್ಣಗಾಯಿತು. ಆದರೆ ಎರಡು ವಾರ ಬಿಟ್ಟು ಮನೆಗೇ ಬಂದು ಬೀಗದ ಕೈ ಕೊಟ್ಟರು. ಈಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಬಾಗಿಲು ತೆಗೆಯುತ್ತೇನೆ. ಒಂದು ಗಂಟೆ ಪರೀಕ್ಷೆಯ ಓದು, ಆಮೇಲೆ ಯಾರಾದರೊಬ್ಬರು ತಮಗೆ ಗೊತ್ತಿರುವುದನ್ನು ಹೇಳಬೇಕು. ಸದ್ಯಕ್ಕೆ ನಾಲ್ವರಿದ್ದೇವೆ. ಗ್ರಹಣದ ಅಜ್ಜಿಯೂ ಸೇರಿದರೆ ಐವರು.